ಇಂಗ್ಲಿಷ್ ಪದಗಳ ಗ್ರೀಕ್, ಲ್ಯಾಟಿನ್ ಬೇರುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಪದದ ಬೇರು ಅಂದರೆ ಏನು? ಪದವನ್ನು ಒಡೆದು ಓದುವುದು ಹೇಗೆ?

ಶಾಲೆಯಲ್ಲಿ ಉಪಸರ್ಗದ ಪಾಠ ಬಂದಿತ್ತಲ್ಲ, ಅದನ್ನು ನೆನಪಿಸಿಕೊಳ್ಳಿ. ಆಹಾರ, ವಿಹಾರ, ಸಂಹಾರ, ಪ್ರಹಾರ, ಪರಿಹಾರ. ಐದರಲ್ಲೂ ಇರುವುದು ಅದೇ ‘ಹಾರ’. ಮುಂದೆ ಸೇರಿಕೊಂಡ ಆ, ವಿ, ಸಂ, ಪ್ರ, ಪರಿ ಮಾತ್ರ ಅರ್ಥವನ್ನು ಎಲ್ಲಿಂದ ಎಲ್ಲಿಗೋ ಎಳೆದುಕೊಂಡು ಹೋಗುತ್ತವೆ. ಒಂದು ಊಟ, ಇನ್ನೊಂದು ಸುತ್ತಾಟ, ಮತ್ತೊಂದು ಕೊಲೆ!

ಇಂಗ್ಲಿಷಿನಲ್ಲೂ ಇದೇ ಆಟ. ಲ್ಯಾಟಿನ್ನಿನ ‘ಪೋರ್ಟ್’ ಅಂದರೆ ಹೊರು, ಸಾಗಿಸು. ಇಂಪೋರ್ಟ್ ಅಂದರೆ ಒಳಗೆ ತರುವುದು. ಎಕ್ಸ್‌ಪೋರ್ಟ್ ಅಂದರೆ ಹೊರಗೆ ಕಳಿಸುವುದು. ಟ್ರಾನ್ಸ್‌ಪೋರ್ಟ್ ಅಂದರೆ ಇಲ್ಲಿಂದ ಅಲ್ಲಿಗೆ ಸಾಗಿಸುವುದು. ಡಿಪೋರ್ಟ್ ಅಂದರೆ ದೇಶದಿಂದ ಆಚೆ ಹಾಕುವುದು. ಪೋರ್ಟಬಲ್ ಅಂದರೆ ಹೊತ್ತುಕೊಂಡು ಹೋಗಬಹುದಾದದ್ದು. ರಿಪೋರ್ಟ್ ಕೂಡ ಇದೇ ಮನೆಯದು, ಹೋಗಿ ನೋಡಿ ಸುದ್ದಿ ಹೊತ್ತು ವಾಪಸ್ ತರುವುದು. ಸಪೋರ್ಟ್ ಅಂದರೆ ಕೆಳಗಿನಿಂದ ಹೊತ್ತು ನಿಲ್ಲುವುದು.

ಮುಂದೆ ಉಪಸರ್ಗ, ನಡುವೆ ಬೇರು, ಕೊನೆಗೆ ಪ್ರತ್ಯಯ. ಮೂರೂ ಇರಲೇಬೇಕು ಅಂತೇನಿಲ್ಲ. ಗ್ರೀಕ್ ಕಡೆಯ ಪದಗಳಲ್ಲಿ ಎರಡು ಬೇರುಗಳು ಅಕ್ಕಪಕ್ಕ ಕೂರುವುದೇ ಜಾಸ್ತಿ. ಥರ್ಮೋಮೀಟರ್, ಮೈಕ್ರೋಸ್ಕೋಪ್, ಫೋಟೋಗ್ರಾಫ್ ಎಲ್ಲ ಹಾಗೆ ಜೋಡಿಸಿದವು. ನಮ್ಮ ಸಮಾಸದ ಥರ.

ಇಂಗ್ಲಿಷಿನಲ್ಲಿ ಇಷ್ಟೊಂದು ಗ್ರೀಕ್, ಲ್ಯಾಟಿನ್ ಯಾಕೆ ಬಂತು?

ಇಂಗ್ಲಿಷ್ ಹುಟ್ಟಿನಿಂದ ಜರ್ಮನ್ ಭಾಷೆಯ ಬಳಗದ್ದು. ದಿನಕ್ಕೆ ನೂರು ಸಲ ಬರುವ ದ, ಆಂಡ್, ಇನ್, ಈಸ್, ಗೋ, ಕಮ್, ವಾಟರ್, ಹೌಸ್ ಎಲ್ಲ ಅದರ ಸ್ವಂತ ಪದಗಳು. ಲ್ಯಾಟಿನ್ ಬಂದದ್ದು ಅಲೆ ಅಲೆಯಾಗಿ. 597ರಲ್ಲಿ ರೋಮಿನಿಂದ ಕ್ರೈಸ್ತ ಪಾದ್ರಿಗಳು ಇಂಗ್ಲೆಂಡಿಗೆ ಬಂದರು, ಧರ್ಮದ ಪದಗಳು ಜೊತೆಗೆ ಬಂದವು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಅವರು ಆಡುತ್ತಿದ್ದದ್ದು ಫ್ರೆಂಚ್, ಅದು ಲ್ಯಾಟಿನ್ನಿನ ಮಗಳು. ಕೋರ್ಟು, ಸೈನ್ಯ, ಆಡಳಿತ, ಅಡುಗೆಯ ಪದಗಳೆಲ್ಲ ಆ ದಾರಿಯಲ್ಲಿ ನುಗ್ಗಿದವು. 16, 17ನೇ ಶತಮಾನದಲ್ಲಿ ಪಂಡಿತರು ಗ್ರೀಕ್, ಲ್ಯಾಟಿನ್ ಗ್ರಂಥಗಳಿಂದ ಪದಗಳನ್ನು ನೇರವಾಗಿ ಎತ್ತಿಕೊಂಡರು.

ಆಮೇಲೆ ವಿಜ್ಞಾನಿಗಳ ಸರದಿ. ಹೊಸದೇನಾದರೂ ಕಂಡರೆ ಗ್ರೀಕ್ ತುಣುಕುಗಳನ್ನು ಜೋಡಿಸಿ ಹೆಸರಿಡುವುದು ಅವರಿಗೆ ಅಭ್ಯಾಸವೇ ಆಯಿತು. ಡೈನೋಸಾರ್ ಅನ್ನುವ ಹೆಸರನ್ನು 1842ರಲ್ಲಿ ರಿಚರ್ಡ್ ಓವೆನ್ ಕಟ್ಟಿದ್ದು. ಭಯಂಕರ ಹಲ್ಲಿ ಅಂತ ಅರ್ಥ. ಪ್ರಾಚೀನ ಗ್ರೀಕರಿಗೆ ಡೈನೋಸಾರೂ ಗೊತ್ತಿರಲಿಲ್ಲ, ಟೆಲಿಫೋನೂ ಗೊತ್ತಿರಲಿಲ್ಲ. ಪದ ಮಾತ್ರ ಅವರದು.

ಹೀಗೆ ಪದರ ಪದರವಾಗಿ ಬಂದದ್ದರಿಂದ ಒಂದೇ ಅರ್ಥಕ್ಕೆ ಎರಡು ಮೂರು ಪದಗಳು ಉಳಿದುಕೊಂಡವು. ಆಸ್ಕ್ ಸ್ವಂತದ್ದು, ಕ್ವೆಶ್ಚನ್ ಫ್ರೆಂಚಿನ ದಾರಿಯಲ್ಲಿ ಬಂದದ್ದು, ಇಂಟರಾಗೇಟ್ ಲ್ಯಾಟಿನ್ನಿನಿಂದ ನೇರವಾಗಿ ತಂದದ್ದು. ಕೇಳುವುದು, ಪ್ರಶ್ನಿಸುವುದು, ವಿಚಾರಣೆ ಮಾಡುವುದು. ತೂಕ ಏರುತ್ತಾ ಹೋಗುವುದು ಗೊತ್ತಾಗುತ್ತೆ ಅಲ್ವಾ?

ನಾನು ಕನ್ನಡ ಮಾಧ್ಯಮದಲ್ಲಿ ಓದಿದವನು. ನನಗೆ ಇದು ಕಷ್ಟವಾಗುವುದಿಲ್ಲವಾ?

ಇಲ್ಲ. ಕೆಲವು ಕಡೆ ನಿಮಗೇ ಸುಲಭ. ಸುಮ್ನೆ ಸಮಾಧಾನಕ್ಕೆ ಹೇಳುವ ಮಾತಲ್ಲ ಇದು.

ಕನ್ನಡದ ವಿಜ್ಞಾನ ಪುಸ್ತಕದ ಎಷ್ಟೋ ಪದಗಳು ಗ್ರೀಕ್, ಲ್ಯಾಟಿನ್ ಪದಗಳನ್ನು ತುಂಡು ತುಂಡಾಗಿ ಅನುವಾದಿಸಿ ಮಾಡಿದವು. ಹೈಡ್ರೋಜನ್ ತೆಗೆದುಕೊಳ್ಳಿ. ಹೈಡ್ರೋ ಅಂದರೆ ನೀರು, ಜೆನ್ ಅಂದರೆ ಹುಟ್ಟಿಸುವುದು. ಕನ್ನಡದಲ್ಲಿ ಜಲಜನಕ. ತೂಕಕ್ಕೆ ತೂಕ ಸರಿಹೋಯಿತು! ಹೈಡ್ರೋ ಗೊತ್ತಾದ ಮೇಲೆ ಹೈಡ್ರೋಫೋಬಿಯಾ, ಡಿಹೈಡ್ರೇಷನ್, ಹೈಡ್ರಾಲಿಕ್ ಯಾವುದೂ ಅಪರಿಚಿತ ಅಲ್ಲ. ಜೆನ್ ಗೊತ್ತಾದರೆ ಆಕ್ಸಿಜನ್, ಅಂದರೆ ಆಮ್ಲಜನಕ. ಎಲ್ಲ ಆಮ್ಲಗಳಲ್ಲೂ ಈ ಅನಿಲ ಇರುತ್ತೆ ಅಂತ ಫ್ರೆಂಚ್ ವಿಜ್ಞಾನಿ ಲವೋಸಿಯೆ ನಂಬಿದ್ದ, ಅದಕ್ಕೇ ಆ ಹೆಸರಿಟ್ಟ. ನಂಬಿಕೆ ತಪ್ಪಾಗಿತ್ತು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕ ಇಲ್ಲವೇ ಇಲ್ಲ. ಆದರೂ ಆ ತಪ್ಪು ಗ್ರೀಕ್ ರೂಪದಲ್ಲೂ ಉಳಿಯಿತು, ಕನ್ನಡಕ್ಕೂ ಹಾಗೇ ಬಂತು.

ಇನ್ನಷ್ಟು ನೋಡಿ. ಟೆಲಿಫೋನ್ ದೂರವಾಣಿ. ಟೆಲಿವಿಷನ್ ದೂರದರ್ಶನ. ಟೆಲಿ ಅಂದರೆ ದೂರ ಅಂತ ಬೇರೆ ಯಾರೂ ಹೇಳಿಕೊಡಬೇಕಿಲ್ಲ. ಮೈಕ್ರೋಸ್ಕೋಪ್ ಸೂಕ್ಷ್ಮದರ್ಶಕ. ಥರ್ಮೋಮೀಟರ್ ಉಷ್ಣಮಾಪಕ. ಬಯಾಲಜಿ ಜೀವಶಾಸ್ತ್ರ. ಫೋಟೋಸಿಂಥೆಸಿಸ್ ದ್ಯುತಿಸಂಶ್ಲೇಷಣೆ. ದ್ಯುತಿ ಅಂದರೆ ಬೆಳಕು, ಅದೇ ಫೋಟೋ. ಸಂ ಅಂದರೆ ಜೊತೆಗೆ, ಅದೇ ಸಿನ್. ಆಂಫಿಬಿಯನ್ ಅಂದರೆ ಉಭಯವಾಸಿ, ‘ಆಂಫಿ’ ಎರಡೂ ಕಡೆ, ‘ಬಯೋ’ ಬದುಕು. ಹರ್ಬಿವೋರ್ ಸಸ್ಯಾಹಾರಿ, ಕಾರ್ನಿವೋರ್ ಮಾಂಸಾಹಾರಿ. ‘ವೋರ್’ ಅಂದರೆ ತಿನ್ನುವುದು ಅಂತ ಈಗ ನೀವೇ ಹೇಳಿಬಿಡುತ್ತೀರಿ.

ಹಳೆಯ ಕನ್ನಡ ಮಾಧ್ಯಮದ ಪಠ್ಯಪುಸ್ತಕ ಸಿಕ್ಕರೆ ಬಿಸಾಡಬೇಡಿ. ಬೇರುಗಳನ್ನು ಕಲಿಯಲು ನನ್ನ ಪ್ರಕಾರ ಅದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಹಿಂದಿನ ಪುಟಗಳಲ್ಲಿ ಪಾರಿಭಾಷಿಕ ಪದಗಳ ಪಟ್ಟಿ ಇದ್ದರಂತೂ ಕೇಳುವುದೇ ಬೇಡ.

ಇವು ಸಂಸ್ಕೃತ ಪದಗಳ ಥರವೇ ಕೇಳಿಸುತ್ತವಲ್ಲ. ನಿಜವಾಗಿ ನೆಂಟಸ್ತಿಕೆ ಇದೆಯಾ?

ಇದೆ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ಮೂಲದಿಂದ ಬಂದಿರಬೇಕು ಅಂತ ಬ್ರಿಟಿಷ್ ವಿದ್ವಾಂಸ ವಿಲಿಯಂ ಜೋನ್ಸ್ 1786ರಲ್ಲಿ ಕೋಲ್ಕತ್ತದ ಏಷ್ಯಾಟಿಕ್ ಸೊಸೈಟಿಯಲ್ಲಿ ಹೇಳಿದ ಮಾತು ಪ್ರಸಿದ್ಧ. ಆ ಬಳಗವನ್ನು ಈಗ ಇಂಡೋ-ಯುರೋಪಿಯನ್ ಅನ್ನುತ್ತಾರೆ. ಕನ್ನಡ ದ್ರಾವಿಡ ಭಾಷೆ, ಆ ಬಳಗದ್ದಲ್ಲ. ಆದರೆ ನಾವು ಸಂಸ್ಕೃತದಿಂದ ತಂದುಕೊಂಡ ಪದಗಳು ದಿನಾ ಬಾಯಲ್ಲಿ ಇರುವುದರಿಂದ ಈ ನೆಂಟಸ್ತಿಕೆಯ ಲಾಭ ನಮಗೂ ಸಿಗುತ್ತೆ.

ದಂತ ಮತ್ತು ಡೆಂಟ್, ಡೆಂಟಿಸ್ಟ್ ಅಲ್ಲಿಂದ. ಪಾದ ಮತ್ತು ಪೆಡ್, ಪೆಡಲ್ ಅಲ್ಲಿಂದ. ಮೃತ ಮತ್ತು ಮಾರ್ಟ್, ಮಾರ್ಟಲ್, ಮಾರ್ಚುರಿ. ನವ ಮತ್ತು ನೋವ್, ಇನ್ನೊವೇಷನ್. ಅಗ್ನಿ ಮತ್ತು ಇಗ್ನಿಸ್, ಇಗ್ನಿಷನ್. ದಾನ ಮತ್ತು ಡೊನೇಟ್. ಸ್ಥಾನ ಮತ್ತು ಸ್ಟೇಷನ್. ಜ್ಞಾನ ಮತ್ತು ‘ಗ್ನೋ’, ಡಯಾಗ್ನೋಸಿಸ್ ಅದರಿಂದಲೇ. ಸರ್ಪ ಮತ್ತು ಸರ್ಪೆಂಟ್ ಅಂತೂ ಹೇಳುವುದೇ ಬೇಡ. ಅಷ್ಟ, ದಶ ಗೊತ್ತಿದ್ದವರಿಗೆ ಆಕ್ಟೋ, ಡೆಕ ಕಷ್ಟವಾ?

ಉಪಸರ್ಗಗಳೂ ಹೊಂದುತ್ತವೆ. ಪರಿಧಿಯ ‘ಪರಿ’ ಮತ್ತು ಪೆರಿಸ್ಕೋಪಿನ ‘ಪೆರಿ’ ಒಂದೇ, ಸುತ್ತಲೂ ಅಂತ. ‘ಅಂತರ್’ ಮತ್ತು ‘ಇಂಟರ್’ ಕೂಡ. ಇಲ್ಲ ಅನ್ನುವುದಕ್ಕೆ ಸಂಸ್ಕೃತದಲ್ಲಿ ವ್ಯಂಜನದ ಮುಂದೆ ‘ಅ’, ಸ್ವರದ ಮುಂದೆ ‘ಅನ್’: ಅಧರ್ಮ, ಅನಂತ. ಗ್ರೀಕಿನಲ್ಲೂ ಅದೇ ನಿಯಮ: ಏಥಿಸ್ಟ್, ಅನಾರ್ಕಿ. ಅನಾನಿಮಸ್ ಅಂದರೆ ಅನಾಮಿಕ. ಒಂದೇ ಥರ ಕೇಳುತ್ತವೆ, ಆದರೆ ಒಡೆಯುವ ಜಾಗ ಬೇರೆ. ಅಲ್ಲಿ ಅನ್ ಮತ್ತು ಓನಿಮ್, ಇಲ್ಲಿ ಅ ಮತ್ತು ನಾಮ. ಓನಿಮ್, ನಾಮ ಎರಡೂ ಅಣ್ಣತಮ್ಮಂದಿರೇ.

ಒಂದು ಎಚ್ಚರಿಕೆ. ಕಿವಿಗೆ ಹೊಂದಿದ್ದೆಲ್ಲ ನೆಂಟರಲ್ಲ. ಲ್ಯಾಟಿನ್ನಿನ ಡೇಯುಸ್ ನಮ್ಮ ದೇವನ ನೆಂಟ. ಆದರೆ ಗ್ರೀಕಿನ ಥಿಯೋಸ್ ಅಲ್ಲ, ಅದರ ಅರ್ಥವೂ ದೇವರೇ ಆದರೂ! ಸಿಂಪಥಿ, ಪೆಥಾಲಜಿಯಲ್ಲಿರುವ ‘ಪಥ್’ ನೋವು, ಭಾವನೆ ಅನ್ನುವ ಅರ್ಥದ್ದು. ನಮ್ಮ ಪಥಕ್ಕೂ ಅದಕ್ಕೂ ಸಂಬಂಧ ಇಲ್ಲ. ಎಲ್ಲ ಇಂಗ್ಲಿಷ್ ಪದವೂ ಸಂಸ್ಕೃತದಿಂದಲೇ ಹೋಯಿತು ಅಂತ ವಾಟ್ಸ್ಆ್ಯಪಿನಲ್ಲಿ ಓಡಾಡುವ ಪಟ್ಟಿಗಳನ್ನು ನಂಬಬೇಡಿ. ಇವು ಅಕ್ಕತಂಗಿ ಭಾಷೆಗಳು, ತಾಯಿ ಮಗಳಲ್ಲ.

ಒಟ್ಟು ಎಷ್ಟು ಬೇರು ಕಲಿಯಬೇಕು? ಯಾವುದರಿಂದ ಶುರು ಮಾಡಲಿ?

ಸಾವಿರ ಬೇರುಗಳ ಪಟ್ಟಿ ಇಳಿಸಿಕೊಂಡು ಕೂರಬೇಡಿ. ನಲವತ್ತು ಐವತ್ತು ಬೇರು, ಇಪ್ಪತ್ತು ಉಪಸರ್ಗ ಕೈವಶವಾದರೆ ಪತ್ರಿಕೆ ಓದಲು ಬೇಕಾದ ಬುನಾದಿ ಆಯಿತು. ವಾರಕ್ಕೆ ನಾಲ್ಕೈದು ಸಾಕು.

ಲ್ಯಾಟಿನ್ನಿನಲ್ಲಿ ಜಾಸ್ತಿ ದುಡಿಯುವ ಬೇರುಗಳಿಂದ ಶುರು ಮಾಡಿ. ‘ಸ್ಪೆಕ್ಟ್’ ನೋಡು, ‘ಡಿಕ್ಟ್’ ಹೇಳು, ‘ಸ್ಕ್ರಿಪ್ಟ್’ ಬರೆ, ‘ಜೆಕ್ಟ್’ ಎಸೆ, ‘ಟ್ರಾಕ್ಟ್’ ಎಳೆ, ‘ಡಕ್ಟ್’ ನಡೆಸಿಕೊಂಡು ಹೋಗು, ‘ರಪ್ಟ್’ ಮುರಿ, ‘ಮಿಟ್’ ಅಥವಾ ‘ಮಿಶ್’ ಕಳಿಸು. ಎಲ್ಲ ಕೈಕಾಲಿನಿಂದ, ಕಣ್ಣುಬಾಯಿಯಿಂದ ಮಾಡುವ ಕೆಲಸಗಳೇ. ಅದಕ್ಕೇ ಬೇಗ ಮನಸ್ಸಿಗೆ ಹತ್ತುತ್ತವೆ. ಟ್ರಾಕ್ಟರ್ ಎಳೆಯುತ್ತೆ, ಅಟ್ರಾಕ್ಟ್ ಮಾಡಿದರೆ ನಮ್ಮ ಕಡೆಗೆ ಎಳೆಯುತ್ತೆ, ಎಕ್ಸ್‌ಟ್ರಾಕ್ಟ್ ಮಾಡಿದರೆ ಹೊರಗೆ ಎಳೆಯುತ್ತೆ, ಡಿಸ್ಟ್ರಾಕ್ಟ್ ಮಾಡಿದರೆ ಗಮನವನ್ನು ಬೇರೆ ಕಡೆ ಎಳೆಯುತ್ತೆ.

ಗ್ರೀಕ್ ಕಡೆಯಿಂದ ‘ಗ್ರಾಫ್’ ಬರಹ, ‘ಲಜಿ’ ಶಾಸ್ತ್ರ, ‘ಬಯೋ’ ಬದುಕು, ‘ಜಿಯೋ’ ಭೂಮಿ, ‘ಕ್ರೋನ್’ ಕಾಲ, ‘ಫೋಬ್’ ಭಯ, ‘ಕ್ರಸಿ’ ಆಳ್ವಿಕೆ, ‘ಪಾಲಿ’ ಹಲವು, ‘ಮೋನೋ’ ಒಂದೇ. ಸದ್ಯಕ್ಕೆ ಇಷ್ಟು ಸಾಕು.

ಪಟ್ಟಿ ಬಾಯಿಪಾಠ ಮಾಡಿದರೆ ಆಗುವುದಿಲ್ಲವಾ?

ಆಗುತ್ತೆ, ಆದರೆ ಹದಿನೈದು ದಿನದಲ್ಲಿ ಮರೆತೂ ಹೋಗುತ್ತೆ. ಬೇರಿನಿಂದ ಪದಕ್ಕೆ ಹೋಗಬೇಡಿ. ಗೊತ್ತಿರುವ ಪದದಿಂದ ಬೇರಿಗೆ ಬನ್ನಿ, ಅಲ್ಲಿಂದ ಗೊತ್ತಿಲ್ಲದ ಪದಕ್ಕೆ ಹೋಗಿ. ಇಡೀ ವಿದ್ಯೆಯ ಗುಟ್ಟು ಅಂತ ಏನಾದರೂ ಇದ್ದರೆ ಅದು ಇಷ್ಟೇ.

ಒಂದು ಪುಟ ಹೇಗಿರಬೇಕು ಅಂತ ನೋಡಿ. ನೋಟ್‌ಬುಕ್ಕಿನಲ್ಲಿ ಮೇಲೆ ‘ಸ್ಪೆಕ್ಟ್, ನೋಡು’ ಅಂತ ಬರೆಯಿರಿ. ಕೆಳಗೆ ಮೊದಲು ಹಳೆಯ ಪರಿಚಯದವರು ಬರಲಿ. ಇನ್‌ಸ್ಪೆಕ್ಟರ್, ಒಳಗೆ ಇಣುಕಿ ನೋಡುವವನು. ಸ್ಪೆಕ್ಟಕಲ್ಸ್, ಕನ್ನಡಕ. ಸಸ್ಪೆಕ್ಟ್, ಕೆಳಗಿನಿಂದ ನೋಡುವುದು, ಅಂದರೆ ಓರೆಗಣ್ಣಿನ ಅನುಮಾನ. ರೆಸ್ಪೆಕ್ಟ್, ತಿರುಗಿ ನೋಡುವುದು. ಪ್ರಾಸ್ಪೆಕ್ಟಸ್, ಮುಂದೆ ಏನಿದೆ ಅಂತ ತೋರಿಸುವ ಪುಸ್ತಕ. ಇಷ್ಟರಲ್ಲಿ ಹೊಸದೇನೂ ಇಲ್ಲ, ಗೊತ್ತಿದ್ದದ್ದೇ ಒಟ್ಟಿಗೆ ಕೂತಿತು.

ಈಗ ಹೊಸಬರನ್ನು ಕರೆಯಿರಿ. ರೆಟ್ರೋಸ್ಪೆಕ್ಟ್. ರೆಟ್ರೋ ಅಂದರೆ ಹಿಂದಕ್ಕೆ, ಕಳೆದದ್ದನ್ನು ಹಿಂತಿರುಗಿ ನೋಡುವುದು. ಸರ್ಕಮ್‌ಸ್ಪೆಕ್ಟ್. ಸರ್ಕಮ್ ಅಂದರೆ ಸುತ್ತ, ಸರ್ಕಲ್‌ನ ನೆಂಟ. ಸುತ್ತಲೂ ನೋಡಿ ಹೆಜ್ಜೆ ಇಡುವವನು. ಕನ್ನಡದಲ್ಲಿ ಹಿಂದೆ ಮುಂದೆ ನೋಡಿ ಕೆಲಸ ಮಾಡುವವನು ಅನ್ನುತ್ತೇವಲ್ಲ, ಅದೇ. ಈ ಪದ ಇನ್ನು ಮರೆಯುವುದು ಕಷ್ಟ.

ಪುಟದ ಕೆಳಭಾಗ ಖಾಲಿ ಬಿಡಿ. ಆರು ತಿಂಗಳ ನಂತರ ಎಲ್ಲೋ ಓದುವಾಗ ಇನ್ನೊಬ್ಬ ಸಿಗುತ್ತಾನೆ. ಪ್ರತಿ ಹೊಸ ಪದಕ್ಕೂ ಅದು ಸಿಕ್ಕ ವಾಕ್ಯವನ್ನೇ ಬರೆದಿಡಿ. ಬರೀ ಅರ್ಥ ಬರೆದರೆ ಪದವನ್ನು ಬಳಸಲು ಬರುವುದಿಲ್ಲ.

ಪದವನ್ನು ಎಲ್ಲಿ ಒಡೆಯಬೇಕು ಅಂತ ಹೇಗೆ ಗೊತ್ತಾಗುತ್ತೆ?

ಒಡೆದ ಮೇಲೆ ಉಳಿದ ತುಂಡು ಇನ್ನೆಲ್ಲಾದರೂ ಬದುಕಿದೆಯಾ ನೋಡಿ. ರಿಜೆಕ್ಟ್‌ನಿಂದ ‘ರಿ’ ತೆಗೆದರೆ ಜೆಕ್ಟ್ ಉಳಿಯುತ್ತೆ. ಅದು ಇಂಜೆಕ್ಟ್, ಪ್ರಾಜೆಕ್ಟ್, ಎಜೆಕ್ಟ್‌ನಲ್ಲೂ ಇದೆ. ಸರಿ. ರೆಡಿಯಿಂದ ‘ರೆ’ ತೆಗೆದರೆ ಬರೀ ‘ಡಿ’. ಅಂಕಲ್‌ನಲ್ಲಿ ‘ಅನ್’ ಹುಡುಕಿದರೆ ಕಲ್ ಒಂದೇ ಸಿಗುವುದು!

ಇಂಗ್ಲಿಷ್ ಆಡುವವರೇ ತಪ್ಪು ಜಾಗದಲ್ಲಿ ಒಡೆದ ಉದಾಹರಣೆ ಹೆಲಿಕಾಪ್ಟರ್. ಎಲ್ಲರೂ ಹೆಲಿ ಮತ್ತು ಕಾಪ್ಟರ್ ಅಂತ ಒಡೆಯುತ್ತಾರೆ. ಅದರಿಂದಲೇ ಹೆಲಿಪ್ಯಾಡ್ ಹುಟ್ಟಿತು. ನಿಜವಾಗಿ ಅದು ‘ಹೆಲಿಕೋ’ ಮತ್ತು ‘ಪ್ಟರ್’. ಸುರುಳಿ ಮತ್ತು ರೆಕ್ಕೆ. ಹಾರುವ ಪ್ರಾಚೀನ ಸರೀಸೃಪ ಟೆರೊಡ್ಯಾಕ್ಟಿಲ್ ಹೆಸರಿನ ಮೊದಲಲ್ಲಿರುವುದೂ ಅದೇ ರೆಕ್ಕೆ. ಬಸ್ಸಿನ ಕಥೆ ಇನ್ನೂ ಮಜಾ. ಲ್ಯಾಟಿನ್ನಿನ ಆಮ್ನಿಬಸ್ ಅಂದರೆ ‘ಎಲ್ಲರಿಗೂ’. ಅದರಲ್ಲಿ ಎಲ್ಲ ಅನ್ನುವ ಭಾಗ ಕಳಚಿಹೋಗಿ ಬರೀ ವಿಭಕ್ತಿ ಪ್ರತ್ಯಯ ಉಳಿಯಿತು. ನಾವು ದಿನಾ ಹತ್ತಿ ಇಳಿಯುವುದು ಒಂದು ‘ಗೆ’ ಪ್ರತ್ಯಯವನ್ನು.

ಬೇರು ಗೊತ್ತಿದ್ದರೆ ಯಾವ ಪದದ ಅರ್ಥವನ್ನಾದರೂ ಹೇಳಬಹುದಾ?

ಹೇಳಲಾಗುವುದಿಲ್ಲ. ಊಹೆ ಮಾಡಬಹುದು, ಆಮೇಲೆ ವಾಕ್ಯದಲ್ಲಿ ಇಟ್ಟು ಪರೀಕ್ಷಿಸಬೇಕು.

ಪದಗಳು ಊರು ಬಿಟ್ಟು ಬಹಳ ದೂರ ಬಂದಿರುತ್ತವೆ. ಮ್ಯಾನುಫ್ಯಾಕ್ಚರ್ ಅಂದರೆ ಮೂಲದಲ್ಲಿ ಕೈಯಿಂದ ಮಾಡುವುದು, ಈಗ ಯಂತ್ರದಿಂದ ಮಾಡುವುದಕ್ಕೇ ಆ ಪದ. ನೈಸ್ ಬಂದದ್ದು ‘ಏನೂ ತಿಳಿಯದ’ ಅನ್ನುವ ಲ್ಯಾಟಿನ್ ಪದದಿಂದ. ಇನ್ನು ಮೇಲೆ ಯಾರಾದರೂ ನಿಮ್ಮನ್ನು ನೈಸ್ ಅಂದರೆ ಬೇಜಾರು ಮಾಡಿಕೊಳ್ಳಬೇಡಿ. ಆಟಮ್ ಅಂದರೆ ಕತ್ತರಿಸಲಾಗದ್ದು, ಅದನ್ನು ಒಡೆದು ಬಾಂಬೇ ಮಾಡಿದರು. ಕ್ಯಾಂಡಿಡೇಟ್ ಅಂದರೆ ಬಿಳಿ ಬಟ್ಟೆಯವನು. ರೋಮಿನಲ್ಲಿ ಚುನಾವಣೆಗೆ ನಿಲ್ಲುವವರು ಬೆಳ್ಳಗೆ ಮಾಡಿಸಿದ ಟೋಗಾ ಹೊದ್ದು ಓಡಾಡುತ್ತಿದ್ದರು. ವ್ಯಾಕ್ಸೀನ್‌ನಲ್ಲಿ ಇರುವುದು ಹಸು. 1796ರಲ್ಲಿ ಎಡ್ವರ್ಡ್ ಜೆನ್ನರ್ ಸಿಡುಬು ತಡೆಯಲು ಬಳಸಿದ್ದು ಹಸುಗಳಿಗೆ ಬರುವ ಸಿಡುಬಿನ ಕೀವನ್ನು. ಲ್ಯಾಟಿನ್ನಿನಲ್ಲಿ ಹಸುವಿಗೆ ವಾಕ್ಕಾ.

ಹತ್ತಿರದ ಉದಾಹರಣೆ ಬೇಕಾದರೆ ಕ್ಯಾಲೆಂಡರ್ ನೋಡಿ. ಸೆಪ್ಟೆಂಬರ್ ಏಳು, ಅಕ್ಟೋಬರ್ ಎಂಟು, ನವೆಂಬರ್ ಒಂಬತ್ತು, ಡಿಸೆಂಬರ್ ಹತ್ತು. ಬೇರು ಹೇಳುವುದು ಅದೇ. ಆದರೆ ಅವು ಬರುವುದು ಒಂಬತ್ತರಿಂದ ಹನ್ನೆರಡನೇ ತಿಂಗಳಾಗಿ. ಹಳೆಯ ರೋಮನ್ ವರ್ಷ ಮಾರ್ಚಿಗೆ ಶುರುವಾಗುತ್ತಿತ್ತು. ವರ್ಷದ ಆರಂಭ ಜಾರಿತು, ಹೆಸರು ಜಾರಲಿಲ್ಲ.

ಒಂದೇ ಥರ ಕಾಣುವ ಬೇರುಗಳು ಗೊಂದಲ ಮಾಡುತ್ತವೆ. ಏನು ಮಾಡಲಿ?

ಮುಖ್ಯವಾದ ಕೆಲವನ್ನು ಜೋಡಿಯಾಗಿ ಕಲಿತುಬಿಡಿ. ಲ್ಯಾಟಿನ್ ‘ಪೆಡ್’ ಪಾದ, ಗ್ರೀಕ್ ‘ಪೆಡ್’ ಮಗು. ಪೆಡೆಸ್ಟ್ರಿಯನ್ ನಡೆಯುವವನು, ಪೀಡಿಯಾಟ್ರಿಕ್ಸ್ ಮಕ್ಕಳ ವೈದ್ಯಶಾಸ್ತ್ರ. ಹಾಗಾದರೆ ಆರ್ಥೋಪೆಡಿಕ್ಸ್? ಕಾಲಿನ ಡಾಕ್ಟರಲ್ವಾ ಅಂತ ಬಹಳ ಜನ ಪಾದ ಅಂದುಕೊಳ್ಳುತ್ತಾರೆ. ಅದೂ ಮಗುವೇ. 1741ರಲ್ಲಿ ಫ್ರೆಂಚ್ ವೈದ್ಯ ನಿಕೊಲಾ ಆಂದ್ರಿ ಮಕ್ಕಳ ಮೈಯ ಸೊಟ್ಟವನ್ನು ನೆಟ್ಟಗೆ ಮಾಡುವ ವಿದ್ಯೆಗೆ ಈ ಹೆಸರು ಕಟ್ಟಿದ. ‘ಆರ್ಥೋ’ ಅಂದರೆ ನೇರ.

‘ಆಂಟಿ’ ವಿರುದ್ಧ, ‘ಆಂಟೆ’ ಮುಂಚೆ. ಆಂಟಿಬಯೋಟಿಕ್, ಆಂಟಿನೇಟಲ್ ಎರಡನ್ನೂ ನಾವು ಒಂದೇ ಥರ ಉಚ್ಚರಿಸುತ್ತೇವೆ. ಎರಡನೆಯದರಲ್ಲಿ ಇರುವುದು ಆಂಟೆ, ಹೆರಿಗೆಗೆ ಮುಂಚಿನದು. ‘ಹೋಮೋ’ ಲ್ಯಾಟಿನ್ನಿನಲ್ಲಿ ಮನುಷ್ಯ, ಗ್ರೀಕಿನಲ್ಲಿ ಒಂದೇ ಬಗೆಯ. ಪೆಸ್ಟಿಸೈಡ್‌ನ ‘ಸೈಡ್’ ಕೊಲ್ಲುವುದು, ಆಕ್ಸಿಡೆಂಟ್‌ನ ‘ಸಿಡ್’ ಬೀಳುವುದು.

ಇವೆಲ್ಲಕ್ಕಿಂತ ಅಪಾಯದ್ದು ಇನ್‌ಫ್ಲಾಮಬಲ್. ‘ಇನ್’ ಅಂದರೆ ಇಲ್ಲ, ಹಾಗಾಗಿ ಬೆಂಕಿ ಹತ್ತದ್ದು ಅಂದುಕೊಂಡರೆ ಕೆಟ್ಟಿರಿ. ಇಲ್ಲಿ ‘ಇನ್’ ಇಲ್ಲ ಅನ್ನುವ ಅರ್ಥದ್ದಲ್ಲ. ಅದು ಬೇಗ ಬೆಂಕಿ ಹತ್ತಿಕೊಳ್ಳುವ ವಸ್ತು. ಈ ಗೊಂದಲಕ್ಕೇ ಈಗ ಡಬ್ಬಗಳ ಮೇಲೆ ಫ್ಲಾಮಬಲ್ ಅಂತಷ್ಟೇ ಬರೆಯುವುದು ಜಾಸ್ತಿ.

ಒಂದೇ ಉಪಸರ್ಗ ಇನ್, ಇಮ್, ಇಲ್, ಇರ್ ಅಂತ ವೇಷ ಬದಲಿಸುವುದು ಯಾಕೆ?

ಸಂಧಿ! ಸತ್ ಮತ್ತು ಜನ ಸೇರಿದರೆ ಸಜ್ಜನ, ಜಗತ್ ಮತ್ತು ನಾಥ ಸೇರಿದರೆ ಜಗನ್ನಾಥ. ಅದೇ ರೀತಿ ಇನ್ ಮತ್ತು ಲೀಗಲ್ ಸೇರಿದರೆ ಇಲ್ಲೀಗಲ್, ಇನ್ ಮತ್ತು ರೆಗ್ಯುಲರ್ ಸೇರಿದರೆ ಇರ್‌ರೆಗ್ಯುಲರ್, ಇನ್ ಮತ್ತು ಪಾಸಿಬಲ್ ಸೇರಿದರೆ ಇಂಪಾಸಿಬಲ್. ನಾಲಿಗೆಗೆ ಯಾವುದು ಸಲೀಸೋ ಹಾಗೆ.

ಇದರಿಂದ ದೊಡ್ಡ ಲಾಭ ಸ್ಪೆಲಿಂಗಿನಲ್ಲಿ. ಎಲ್ಲಿ ಅಕ್ಷರ ಎರಡು ಸಲ ಬರೆಯಬೇಕು ಅನ್ನುವ ತಲೆನೋವಿಗೆ ಬಹಳ ಸಲ ಉತ್ತರ ಇಲ್ಲೇ ಇದೆ. ಇಲ್ಲೀಗಲ್‌ನಲ್ಲಿ ಎರಡು ಎಲ್, ಯಾಕೆಂದರೆ ಒಂದು ಉಪಸರ್ಗದ್ದು, ಒಂದು ಬೇರಿನದು. ಅಟ್ರಾಕ್ಟ್‌ನಲ್ಲಿ ಎರಡು ಟಿ, ಅದು ಆ್ಯಡ್ ಮತ್ತು ಟ್ರಾಕ್ಟ್. ಸಪೋರ್ಟ್‌ನಲ್ಲಿ ಎರಡು ಪಿ, ಅದು ಸಬ್ ಮತ್ತು ಪೋರ್ಟ್. ಎಲ್ಲರೂ ಎಡವುವ ಅಕಾಮೊಡೇಟ್‌ನಲ್ಲಿ ಉಪಸರ್ಗಗಳೇ ಎರಡು, ಆ್ಯಡ್ ಮತ್ತು ಕಾಮ್. ಆ್ಯಡ್ ಬದಲಾಗಿ ಸಿ ಜೋಡಿಯಾಯಿತು. ಕಾಮ್‌ನ ಎಮ್, ಮೊಡೇಟ್‌ನ ಎಮ್ ಸೇರಿ ಇನ್ನೊಂದು ಜೋಡಿ. ಹೀಗೆ ನೋಡಿದರೆ ಅದರ ಸ್ಪೆಲಿಂಗ್ ಮತ್ತೆ ತಪ್ಪುವುದಿಲ್ಲ.

ಸೈಕಾಲಜಿಗೆ ಪಿ ಯಾಕೆ? ಕೆಮಿಸ್ಟ್ರಿಗೆ ಸಿ-ಎಚ್ ಯಾಕೆ?

ಅವು ಗ್ರೀಕ್ ಪದದ ಗುರುತುಗಳು. ಗ್ರೀಕರು ಪದದ ಮೊದಲಲ್ಲೇ ‘ಪ್ಸ’, ‘ಪ್ನ’, ‘ಪ್ಟ’ ಅಂತ ಉಚ್ಚರಿಸುತ್ತಿದ್ದರು. ಇಂಗ್ಲಿಷಿನವರಿಗೆ ಅದು ಆಗಲಿಲ್ಲ. ಸದ್ದು ಬಿಟ್ಟರು, ಅಕ್ಷರ ಇಟ್ಟುಕೊಂಡರು. ಸೈಕಾಲಜಿ, ನ್ಯುಮೋನಿಯಾ ಹಾಗೆ ಆದವು. ಸಿ-ಎಚ್ ಇದ್ದು ‘ಕ’ ಅಂದರೆ ಅದೂ ಸಾಮಾನ್ಯವಾಗಿ ಗ್ರೀಕೇ: ಕೆಮಿಸ್ಟ್ರಿ, ಕ್ಯಾರೆಕ್ಟರ್, ಸ್ಟಮಕ್, ಟೆಕ್ನಾಲಜಿ, ಸ್ಕೂಲ್. ಪಿ-ಎಚ್ ಇದ್ದು ‘ಫ’ ಅಂದರೂ ಗ್ರೀಕ್. ಪದದ ನಡುವೆ ವೈ ಅಕ್ಷರ ಸ್ವರದ ಕೆಲಸ ಮಾಡುತ್ತಿದ್ದರೂ ಬಹುತೇಕ ಗ್ರೀಕ್: ಸಿಸ್ಟಮ್, ಫಿಸಿಕ್ಸ್, ರಿದಮ್.

ಡೆಟ್, ಡೌಟ್‌ಗಳಲ್ಲಿರುವ ಬಿ ಬೇರೆ ಕಥೆ. ಅವು ಫ್ರೆಂಚಿನಿಂದ ಬಂದಾಗ ಬಿ ಇರಲಿಲ್ಲ. ಮೂಲ ಲ್ಯಾಟಿನ್ನಿನಲ್ಲಿ ಬಿ ಇತ್ತಲ್ಲ ಅಂತ ಪಂಡಿತರು ಆಮೇಲೆ ತುರುಕಿದರು. ಐಲೆಂಡ್‌ನಲ್ಲಂತೂ ಎಸ್ ಇರುವುದು ಶುದ್ಧ ತಪ್ಪು ತಿಳಿವಳಿಕೆಯಿಂದ. ಅದು ಇಂಗ್ಲಿಷಿನ ಸ್ವಂತ ಪದ. ಲ್ಯಾಟಿನ್ನಿನ ಇನ್ಸುಲಾಕ್ಕೆ ಸಂಬಂಧ ಇದೆ ಅಂದುಕೊಂಡು ಎಸ್ ಸೇರಿಸಿಬಿಟ್ಟರು. ಮಕ್ಕಳು ಇಂದಿಗೂ ಅದಕ್ಕೆ ಅಂಕ ಕಳೆದುಕೊಳ್ಳುತ್ತಿದ್ದಾರೆ.

ವೈದ್ಯಕೀಯ ಪದಗಳನ್ನು ನೋಡಿದರೆ ಭಯ ಆಗುತ್ತೆ. ಹೇಗೆ ಓದುವುದು?

ಕೊನೆಯಿಂದ ಓದಿ. ‘ಐಟಿಸ್’ ಅಂದರೆ ಉರಿಯೂತ, ‘ಎಕ್ಟಮಿ’ ಅಂದರೆ ಕತ್ತರಿಸಿ ತೆಗೆಯುವುದು, ‘ಸ್ಕೋಪಿ’ ಅಂದರೆ ಒಳಗೆ ನೋಡುವುದು, ‘ಆಲ್ಜಿಯಾ’ ಅಂದರೆ ನೋವು, ‘ಈಮಿಯಾ’ ಅಂದರೆ ರಕ್ತದ ಸ್ಥಿತಿ. ಆಮೇಲೆ ಅಂಗದ ಹೆಸರು. ಗ್ಯಾಸ್ಟ್ರೋ ಹೊಟ್ಟೆ, ಹೆಪಾಟೋ ಯಕೃತ್ತು, ಆರ್ಥ್ರೋ ಕೀಲು, ಕಾರ್ಡಿಯೋ ಹೃದಯ. ಗ್ಯಾಸ್ಟ್ರೈಟಿಸ್, ಹೆಪಟೈಟಿಸ್, ಆರ್ಥ್ರೈಟಿಸ್ ಈಗ ಬಾಯಿಬಿಟ್ಟು ಮಾತಾಡುತ್ತವೆ.

ಉದ್ದದ್ದೊಂದನ್ನು ತೆಗೆದುಕೊಳ್ಳೋಣ. ಕೊಲೆಸಿಸ್ಟೆಕ್ಟಮಿ. ಕೊನೆಗೆ ಎಕ್ಟಮಿ, ಏನನ್ನೋ ತೆಗೆದಿದ್ದಾರೆ. ಅದರ ಹಿಂದೆ ಸಿಸ್ಟ್, ಚೀಲ ಅಥವಾ ಕೋಶ. ಮೊದಲಿಗೆ ಕೊಲೆ, ಗಾಬರಿ ಬೇಡ, ಗ್ರೀಕಿನಲ್ಲಿ ಅದು ಪಿತ್ತ! ಪಿತ್ತ, ಕೋಶ, ತೆಗೆಯುವುದು. ಪಿತ್ತಕೋಶ ತೆಗೆಯುವ ಆಪರೇಷನ್ ಅಷ್ಟೇ.

ಹೈಪೋ, ಹೈಪರ್ ಅದಲುಬದಲಾದರೆ ಅರ್ಥ ತಲೆಕೆಳಗು. ಹೈಪೋಗ್ಲೈಸೀಮಿಯಾ ಅಂದರೆ ರಕ್ತದಲ್ಲಿ ಸಕ್ಕರೆ ಕಡಿಮೆ, ಹೈಪರ್‌ಗ್ಲೈಸೀಮಿಯಾ ಅಂದರೆ ಜಾಸ್ತಿ. ಇದಕ್ಕೆ ನಮ್ಮದೇ ಗುರುತು ಇದೆ. ಹೈಪೋ ನಮ್ಮ ‘ಉಪ’ದ ನೆಂಟ, ಉಪಾಧ್ಯಕ್ಷರು ಅಧ್ಯಕ್ಷರಿಗಿಂತ ಕೆಳಗೆ. ಹೈಪರ್ ‘ಉಪರಿ’ಯ ನೆಂಟ, ಅಂದರೆ ಮೇಲೆ.

ಕಿಡ್ನಿಗೆ ಎರಡು ಬೇರು ಇರುವುದೂ ಜನರನ್ನು ಕಾಡುತ್ತೆ. ಡಾಕ್ಟರ್ ಬೋರ್ಡಿನಲ್ಲಿ ನೆಫ್ರಾಲಜಿಸ್ಟ್, ರಿಪೋರ್ಟಿನಲ್ಲಿ ರೀನಲ್. ಮೊದಲನೆಯದು ಗ್ರೀಕ್, ಎರಡನೆಯದು ಲ್ಯಾಟಿನ್. ಅಂಗ ಒಂದೇ.

ಯಾವುದು ಗ್ರೀಕ್, ಯಾವುದು ಲ್ಯಾಟಿನ್ ಅಂತ ಗೊತ್ತಿರಲೇಬೇಕಾ?

ಬೇಕಿಲ್ಲ. ಕುತೂಹಲ ಇದ್ದರೆ ನಡುವಿನ ಸ್ವರ ನೋಡಿ. ತುಣುಕುಗಳನ್ನು ಅಂಟಿಸಲು ಗ್ರೀಕ್ ಸಾಮಾನ್ಯವಾಗಿ ‘ಓ’ ಬಳಸುತ್ತೆ, ಥರ್ಮೋಮೀಟರ್. ಲ್ಯಾಟಿನ್ ‘ಇ’ ಬಳಸುತ್ತೆ, ಅಗ್ರಿಕಲ್ಚರ್. ಬೆರಕೆಯೂ ಉಂಟು. ಟೆಲಿವಿಷನ್‌ನಲ್ಲಿ ಟೆಲಿ ಗ್ರೀಕ್, ವಿಷನ್ ಲ್ಯಾಟಿನ್.

ಇವನ್ನು ಕಲಿತರೆ ಮಾತಾಡುವುದು ಸುಧಾರಿಸುತ್ತಾ?

ಓದು ಸುಧಾರಿಸುತ್ತೆ. ಮಾತಿಗೆ ಇವನ್ನು ತುಂಬಬೇಡಿ. ಸ್ಟಾರ್ಟ್ ಅನ್ನುವ ಕಡೆ ಕಮೆನ್ಸ್, ಬೈ ಅನ್ನುವ ಕಡೆ ಪರ್ಚೇಸ್ ಅಂದರೆ ಕೇಳುವವರಿಗೆ ನೋಟಿಸ್ ಓದಿದ ಹಾಗಾಗುತ್ತೆ. ಮನೆ ಮಾತಿನಲ್ಲಿ ‘ಭೋಜನ ಸ್ವೀಕರಿಸಿದಿರಾ’ ಅಂತ ಯಾರೂ ಕೇಳುವುದಿಲ್ಲವಲ್ಲ. ಇಂಗ್ಲಿಷಿನ ಗೆಟ್ ಅಪ್, ಪುಟ್ ಆಫ್, ಗಿವ್ ಇನ್ ಥರದ ಚಿಕ್ಕ ಪದಗಳ ಜೋಡಿಗಳನ್ನು ಬೇರೆಯಾಗಿಯೇ ಕಲಿಯಬೇಕು. ಬೇರುಗಳು ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ಉಚ್ಚಾರಣೆಗೆ ಏನಾದರೂ ಉಪಯೋಗ?

ಸ್ವಲ್ಪ ಇದೆ. ‘ಇಕ್’ ಅಂತ ಮುಗಿಯುವ ಪದಗಳಲ್ಲಿ ಒತ್ತು ಸಾಮಾನ್ಯವಾಗಿ ಅದರ ಹಿಂದಿನ ಭಾಗದ ಮೇಲೆ. ಫೋಟೋಗ್ರಾಫ್‌ನಲ್ಲಿ ಒತ್ತು ‘ಫೋ’ ಮೇಲೆ, ಫೊಟಾಗ್ರಫಿಯಲ್ಲಿ ‘ಟಾ’ ಮೇಲೆ, ಫೋಟೊಗ್ರಾಫಿಕ್‌ನಲ್ಲಿ ‘ಗ್ರಾ’ ಮೇಲೆ. ಮೂರನ್ನೂ ಒಟ್ಟಿಗೆ ಜೋರಾಗಿ ಹೇಳಿ ನೋಡಿ, ಒತ್ತು ಜರುಗುವುದು ಕಿವಿಗೇ ಗೊತ್ತಾಗುತ್ತೆ.

ಮಕ್ಕಳಿಗೆ ಯಾವಾಗಿನಿಂದ ಹೇಳಿಕೊಡಬಹುದು?

ಡೈನೋಸಾರ್ ಹುಚ್ಚು ಹಿಡಿದ ದಿನದಿಂದ. ಟ್ರೈಸೆರಾಟಾಪ್ಸ್ ಅಂದರೆ ಟ್ರೈ ಮೂರು, ಸೆರಾಟ್ ಕೊಂಬು, ಆಪ್ಸ್ ಮುಖ. ಚಿತ್ರ ತೋರಿಸಿ ಕೊಂಬು ಎಣಿಸಲು ಹೇಳಿ. ಆಮೇಲೆ ಟ್ರೈಸಿಕಲ್, ಟ್ರೈಆಂಗಲ್ ತಾವಾಗಿಯೇ ಬರುತ್ತವೆ. ಪಟ್ಟಿ ಕೊಟ್ಟು ಬರೆಸಬೇಡಿ, ಇಷ್ಟ ಹಾರಿಹೋಗುತ್ತೆ.

ಹಿಸ್ಟರಿ ಅಂದರೆ ‘ಹಿಸ್ ಸ್ಟೋರಿ’ ಅಂತ ಓದಿದ್ದೇನೆ. ನಿಜವಾ?

ಅಲ್ಲ. ಗ್ರೀಕಿನ ಹಿಸ್ಟೋರಿಯಾ ಅಂದರೆ ವಿಚಾರಿಸಿ ತಿಳಿದುಕೊಳ್ಳುವುದು. ‘ಅವನ’ ಅನ್ನುವ ಇಂಗ್ಲಿಷಿನ ಹಿಸ್‌ಗೂ ಅದಕ್ಕೂ ಏನೂ ಸಂಬಂಧ ಇಲ್ಲ. ಕಥೆ ಬಹಳ ಚೆನ್ನಾಗಿದ್ದರೆ ಅನುಮಾನ ಪಡಿ, ಒಂದು ಒಳ್ಳೆಯ ನಿಘಂಟಿನಲ್ಲಿ ಪದದ ಮೂಲ ನೋಡಿ. ದೊಡ್ಡ ಇಂಗ್ಲಿಷ್ ನಿಘಂಟುಗಳಲ್ಲಿ ಅರ್ಥದ ಹಿಂದೆಯೋ ಮುಂದೆಯೋ ಚೌಕ ಕಂಸದಲ್ಲಿ ಮೂಲ ಕೊಟ್ಟಿರುತ್ತಾರೆ. ಬಹಳ ಜನ ಅದನ್ನು ದಾಟಿಕೊಂಡೇ ಹೋಗುತ್ತಾರೆ.

ಆಕ್ಟೊಪಸ್‌ನ ಬಹುವಚನ ಆಕ್ಟೊಪೈ ಅಲ್ವಾ?

ಲ್ಯಾಟಿನ್ನಿನಲ್ಲಿ ‘ಅಸ್’ ಅಂತ ಮುಗಿಯುವ ಹಲವು ಪದಗಳು ‘ಐ’ ಆಗುತ್ತವೆ, ಫಂಗಸ್ ಫಂಜೈ ಆಗುವ ಹಾಗೆ. ಆದರೆ ಆಕ್ಟೊಪಸ್ ಗ್ರೀಕ್ ಪದ, ಎಂಟು ಪಾದದ್ದು. ಆ ನಿಯಮ ಅದಕ್ಕೆ ಸೇರುವುದಿಲ್ಲ. ಆಕ್ಟೊಪೈ ಅನ್ನುವವರು ಬಹಳ ಜನ ಇದ್ದಾರೆ, ನಿಘಂಟುಗಳಲ್ಲೂ ಸೇರಿದೆ. ಆಕ್ಟೊಪಸಸ್ ಅಂದರೆ ಯಾರೂ ತಕರಾರು ಮಾಡುವುದಿಲ್ಲ. ನಿಜವಾಗಿ ಗಮನಿಸಬೇಕಾದದ್ದು ಬೇರೆ. ಕ್ರೈಟೀರಿಯಾ, ಫಿನಾಮಿನಾ, ಬ್ಯಾಕ್ಟೀರಿಯಾ ಮೂರೂ ಬಹುವಚನ. ಒಂದೇ ಇದ್ದರೆ ಕ್ರೈಟೀರಿಯನ್, ಫಿನಾಮಿನನ್, ಬ್ಯಾಕ್ಟೀರಿಯಮ್. ಪರೀಕ್ಷೆಯಲ್ಲಿ ಕೇಳುವುದು ಇವನ್ನೇ, ಆಕ್ಟೊಪಸ್ಸನ್ನಲ್ಲ.